ಲೇಪವಿಲ್ಲದ ಎಲೆಕ್ಟ್ರೋಡು

ಕಂಪ್ಯೂಟರಿನ ಪರದೆಯ ಮೇಲೆ ವಿದ್ಯುತ್ ಪ್ರವಾಹ ತೋರಿಸುವ ಗೆರೆ ಏರುತ್ತಲೇ ಇತ್ತು. ಅದು ಏರಬಾರದಿತ್ತು. ಚಿನ್ನದ ನ್ಯಾನೋ ಕಣಗಳ ಲೇಪವಿದ್ದರೆ ಎಲೆಕ್ಟ್ರಾನುಗಳು ಸಲೀಸಾಗಿ ದಾಟಿ ಗೆರೆ ಇಮ್ಮಡಿ ಏರುತ್ತದೆ ಎಂಬುದೇ ಹುಲಿಗೆಮ್ಮನ ಎಂ.ಎಸ್ಸಿ. ಪ್ರಾಜೆಕ್ಟು. ನಾಳೆ ವೈವಾ. ಹೊಸದಾಗಿ ಬಳಿಯಲೆಂದು ಹಳೆಯ ಲೇಪವನ್ನು ಈಗಷ್ಟೇ ತಿಕ್ಕಿ ತೆಗೆದಿದ್ದಳು. ಈಗ ಬರಿಯ ಎಲೆಕ್ಟ್ರೋಡೇ ಅಷ್ಟೇ ಎತ್ತರದ ಗೆರೆ ಎಳೆಯುತ್ತಿತ್ತು.

ಕೊಪ್ಪಳದ ಆ ಲ್ಯಾಬಿಗೆಲ್ಲ ಇದ್ದದ್ದು ಅದೊಂದೇ. ಸವೆದೀತೆಂದು ಗೈಡ್ ಸರ್ ಯಾರಿಗೂ ತಿಕ್ಕಲು ಬಿಡುತ್ತಿರಲಿಲ್ಲ; ಒದ್ದೆ ಹತ್ತಿಯಿಂದ ಒರೆಸಿದರೆ ಮುಗಿಯಿತು. ಲೇಪ ಹಚ್ಚುವ ಮೊದಲು ಅವಳು ಅಳೆದದ್ದು ಕೊಳೆ ಹಿಡಿದ ತುದಿಯನ್ನು; ಇಮ್ಮಡಿ ಎನಿಸಿದ್ದು ಆ ಕುಗ್ಗಿದ ಗೆರೆಗೆ ಹೋಲಿಸಿದಾಗ. ಇಂದೇ ಮೊದಲು, ಸರ್‌ಗೆ ಹೇಳದೆ, ಅದನ್ನು ಕನ್ನಡಿಯಂತಾಗುವಷ್ಟು ಉಜ್ಜಿದ್ದಳು.

“ಯವ್ವಾ, ಬಂಗಾರ ಹಚ್ಚಿದ್ದೆಲ್ಲ ದಂಡ ಆತಲ್ಲ!” ಸಹಪಾಠಿ ಗಾಳೇಶ ಬಗ್ಗಿ ನೋಡಿ ನಕ್ಕ. “ಅಳಿಸಿ ಒಗಿ ಆ ಗೆರಿ. ವೈವಾಕ್ಕ ಬರೋರಿಗೇನ ಕನಸ ಬೀಳತೈತೇನ?”

ಹುಲಿಗೆಮ್ಮನ ಬೆರಳು ಡಿಲೀಟ್ ಗುಂಡಿಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ತಟ್ಟನೆ ತಿರುಗಿದಳು.

“ನಿನ್ನ ಪ್ರಾಜೆಕ್ಟಿಗೂ ಇದ ಎಲೆಕ್ಟ್ರೋಡಲ್ಲೇನೋ?”

ಗಾಳೇಶನ ನಗು ನಿಂತಿತು. “ಏ, ಎಲ್ಲಿಗ್ ಹೊಂಟಿ? ಹುಲಿಗೆಮ್ಮಾ!”

ಅವಳಾಗಲೇ ಸರ್ ಕೋಣೆಯ ಬಾಗಿಲು ತಟ್ಟುತ್ತಿದ್ದಳು.