ಏಷಃ, ಏಷಾ, ಏತತ್

ಸಂಸ್ಕೃತದ ಟೀಚರು ಮೇಜಿನ ಮೇಲಿದ್ದ ಚೀಲವನ್ನು ಅಂಗೈಯಿಂದ ತಟ್ಟಿ ಮಕ್ಕಳ ಕಡೆ ನೋಡಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ತಟ್ಟಿದರು. ಎಡಗಡೆಯ ಸಾಲು ಧಡಕ್ಕನೆ ಎದ್ದು "ಏಷಃ ಸ್ಯೂತಃ" ಎಂದು ಕೂಗಬೇಕಿತ್ತು. ಸಾಲಿಗೆ ಸಾಲೇ ತಲೆ ತಗ್ಗಿಸಿ ಬೆಂಚು ನೋಡುತ್ತ ಕೂತಿತ್ತು.

ಇದು ಟೀಚರು ತಾವೇ ಕಟ್ಟಿಕೊಂಡ ಪದ್ಧತಿ. ಪುಲ್ಲಿಂಗಕ್ಕೆ ಎಡಗಡೆಯ ಸಾಲು, ಸ್ತ್ರೀಲಿಂಗಕ್ಕೆ ನಡುವಿನದು, ನಪುಂಸಕಕ್ಕೆ ಕಿಟಕಿ ಪಕ್ಕದ್ದು. ಹತ್ತಿರದ ವಸ್ತುವಾದರೆ ಟೀಚರು ಮುಟ್ಟುತ್ತಾರೆ, ದೂರದ್ದಾದರೆ ಬೆರಳು ಚಾಚುತ್ತಾರೆ. ಆ ವಸ್ತುವಿನ ಸಾಲು ಎದ್ದು ಏಷಃ, ಏಷಾ, ಏತತ್ ಅಂತಲೋ, ಸಃ, ಸಾ, ತತ್ ಅಂತಲೋ ಕೂಗಿ ಕೂರುತ್ತದೆ. ಈ ಸರ್ವನಾಮಗಳನ್ನು ಉರುಹೊಡೆದು ಆಕಳಿಸುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಇದ್ದಾರೆ. ಟೀಚರ ತರಗತಿಯಲ್ಲಿ ಮಾತ್ರ ಬೆಂಚುಗಳೇ ಕುಣಿಯುತ್ತಿದ್ದವು.

ಹಿಂದಿನ ಗೋಡೆಗೆ ಒರಗಿ ಕುರ್ಚಿ ಹಾಕಿಕೊಂಡು ಹೆಡ್‌ಮಾಸ್ತರೂ ಹೊರಗಿನಿಂದ ಕರೆಸಿದ ಒಬ್ಬ ಪಂಡಿತರೂ ಕೂತಿದ್ದರು. ಟೀಚರದು ತಾತ್ಕಾಲಿಕ ನೌಕರಿ. ಪ್ರತಿ ರಜೆಗೆ ಬಿಡಿಸಿ, ಶಾಲೆ ಶುರುವಾದ ಮೇಲೆ ಏನೋ ಉಪಕಾರ ಮಾಡಿದವರ ಹಾಗೆ ಮತ್ತೆ ಕರೆಯುವ ನೌಕರಿ. ಈಗ ಹುದ್ದೆ ಕಾಯಂ ಆಗಿತ್ತು. ಅರ್ಜಿ ಹಾಕಿದವರು ಇಬ್ಬರು. ಇಬ್ಬರೂ ಇದೇ ಮಕ್ಕಳಿಗೆ ಇದೇ ಪಾಠ ಮಾಡಿ ತೋರಿಸಬೇಕು. ಗೆದ್ದವರು ಉಳಿಯುತ್ತಾರೆ, ಸೋತವರು ಮನೆಗೆ ಹೋಗುತ್ತಾರೆ. ಇನ್ನೊಬ್ಬಾಕೆ ಹೆಡ್‌ಮಾಸ್ತರ ನಾದಿನಿ ಎಂದು ಗೊತ್ತಿದ್ದೂ ಟೀಚರು ಹೆದರಿರಲಿಲ್ಲ. ಏನೇ ಆದರೂ ಮಕ್ಕಳು ತನ್ನವರು ಎಂಬ ಧೈರ್ಯ.

"ಯಾಕ್ರೋ, ಏನಾಯ್ತು ನಿಮಗೆಲ್ಲ?" ಟೀಚರು ನಗಲು ನೋಡಿದರು. ಗೋಡೆಯ ಗಡಿಯಾರಕ್ಕೆ ಬೆರಳು ಚಾಚಿ, ನಡುವಿನ ಸಾಲಿನ ಹುಡುಗಿಯೊಬ್ಬಳ ಕಡೆ ತಿರುಗಿದರು. ಶಾಲೆಯೆಲ್ಲ 'ಪಟಾಕಿ' ಎಂದೇ ಕರೆಯುವ ಹುಡುಗಿ ಅವಳು. ಕೇಳದಿದ್ದರೂ ಉತ್ತರ ಹೇಳಿ ಬೈಸಿಕೊಳ್ಳುವವಳು. "ಪಟಾಕಿ, ನೀನಾದ್ರೂ ಹೇಳಮ್ಮ."

ಪಟಾಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಇಲ್ಲ ಎಂದು ಜೋರಾಗಿ ತಲೆಯಾಡಿಸಿದಳು.

"ಈ ಪಾಠ ಇನ್ನೂ ಶುರುವೇ ಆಗಿಲ್ವೇನ್ರಿ?" ಪಂಡಿತರು ಕೇಳಿದರು.

"ಅಯ್ಯೋ, ಇಡೀ ವರ್ಷ ಇವರದ್ದೇ ಪಾಠ ಸಾರ್," ಎಂದರು ಹೆಡ್‌ಮಾಸ್ತರು, ಬಹಳ ನೊಂದವರಂತೆ. "ಹಳಬರಲ್ವಾ ಅಂತ ನಾವೂ ಸುಮ್ಮನಿದ್ವಿ."

ಟೀಚರು ಮತ್ತೆ ಗಡಿಯಾರ ತೋರಿಸಿದರು. "ಸಾ ಘಟೀ" ಎಂದು ತಾವೇ ಹೇಳಿದರು. "ತತ್ ವ್ಯಜನಮ್" ಎಂದು ಫ್ಯಾನು ತೋರಿಸಿ ತಾವೇ ಹೇಳಿದರು. ಹೀಗೆ ತಾವೇ ಕೇಳಿ ತಾವೇ ಉತ್ತರಿಸಿ, ಗಂಟೆ ಹೊಡೆದಾಗ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದರು.

ಪಕ್ಕದಲ್ಲೇ ಇದ್ದ ಟೀಚರುಗಳ ಕೋಣೆಯಲ್ಲಿ ಕೂತು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಗೋಡೆಯಾಚೆ ಆ ನಾದಿನಿಯ ಪಾಠಕ್ಕೆ ಬೆಂಚುಗಳು ಧಡಧಡ ಎಂದವು. "ಏಷಃ ಸ್ಯೂತಃ!" "ಸಾ ಘಟೀ!" "ತತ್ ವ್ಯಜನಮ್!" ಸಾಲು ಸಾಲೇ ಎದ್ದು ಅರಚುತ್ತಿತ್ತು. ಒಂದು ಲಿಂಗ ತಪ್ಪಲಿಲ್ಲ, ಒಂದು ಸಾಲು ತಡವರಿಸಲಿಲ್ಲ. ಪದ್ಧತಿಯೂ ತನ್ನದೇ. 'ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ' ಎಂದು ಹೆಡ್‌ಮಾಸ್ತರು ಇಷ್ಟು ದಿನ ತನ್ನ ತರಗತಿಯ ಹಿಂದಿನ ಬೆಂಚಿಗೆ ಬಂದು ಕೂರುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಆದರೆ ಅವರ ಮೇಲೆ ಬರಬೇಕಾದ ಸಿಟ್ಟೆಲ್ಲ ಮಕ್ಕಳ ಮೇಲೆ ಬಂತು. ತಿದ್ದಿ ತೀಡಿ ಕಲಿಸಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡಿದಿರಿ ಎಂದುಕೊಂಡರು. ಕೃತಘ್ನ ಮುಂಡೇವು ಎಂದು ಬಾಯಿಬಿಟ್ಟೇ ಬೈದರು.

ಫಲಿತಾಂಶ ಹೇಳಲು ಹೆಡ್‌ಮಾಸ್ತರು ಬಾಗಿಲಿನವರೆಗೂ ಬಂದರು. "ಬೇಜಾರು ಮಾಡ್ಕೋಬೇಡಿ ಮೇಡಂ. ಪಂಡಿತರು ಒಪ್ಪಲಿಲ್ಲ, ನನ್ನ ಕೈಲಿ ಏನಿದೆ ಹೇಳಿ? ಹೋಗೋವಾಗ ಬೀರುವಿನ ಕೀಲಿ ಕೊಟ್ಟುಹೋಗಿ."

ಕೀಲಿ ಕೊಟ್ಟು ಟೀಚರು ಗೇಟು ದಾಟುತ್ತಿದ್ದಾಗ ಹಿಂದಿನಿಂದ ಪಟಾಕಿ ಓಡಿಬಂದು ಕೈ ಹಿಡಿದುಕೊಂಡಳು.

"ಮಿಸ್, ಮಿಸ್! ನಾನು ಒಂದಕ್ಷರ ಬಾಯಿ ಬಿಡಲಿಲ್ಲ, ನೋಡಿದ್ರಾ?"

"ನೋಡಿದೆ. ತುಂಬಾ ಸಂತೋಷ ಆಯ್ತು. ಕೈ ಬಿಡು."

"ಎಷ್ಟು ಕಷ್ಟ ಆಯ್ತು ಗೊತ್ತಾ ಮಿಸ್? ನೀವು ಗಡಿಯಾರ ತೋರಿಸಿದಾಗ ಬಾಯಿಗೇ ಬಂದುಬಿಟ್ಟಿತ್ತು!" ಪಟಾಕಿ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. "ಹೆಡ್ ಸಾರ್ ಬೆಳಿಗ್ಗೇನೇ ಬಂದು ಹೇಳಿದ್ರು, ಇವತ್ತು ನಿಮ್ಮ ಮಿಸ್ಸಿಗೆ ಪರೀಕ್ಷೆ ಕಣ್ರೋ, ನೀವು ಉತ್ತರ ಹೇಳ್ಕೊಟ್ರೆ ಕಾಪಿ ಹೊಡೆದ ಹಾಗೆ, ಅವರನ್ನ ಫೇಲ್ ಮಾಡ್ತಾರೆ ಅಂತ. ಅದಕ್ಕೇ ಎಲ್ಲರೂ ಆಣೆ ಹಾಕ್ಕೊಂಡ್ವಿ, ಸತ್ತರೂ ಬಾಯಿ ಬಿಡಬಾರದು ಅಂತ."

ಬಿಡಿಸಿಕೊಳ್ಳಲು ನೋಡಿದ್ದ ಪುಟ್ಟ ಕೈಯನ್ನು ಟೀಚರು ತಾವೇ ಗಟ್ಟಿಯಾಗಿ ಹಿಡಿದುಕೊಂಡರು.

ಪಟಾಕಿ ಖುಷಿಯಿಂದ ಕುಣಿದಳು. "ಆ ಹೊಸ ಮಿಸ್ ಬಂದಾಗ ನೀವು ನೋಡ್ಬೇಕಿತ್ತು ಮಿಸ್! ಅವರು ಫೇಲಾಗ್ಲಿ ಅಂತ ಮೂರೂ ಸಾಲು ಸೇರಿ, ಗಂಟಲು ಹರಿಯೋ ಹಾಗೆ ಎಲ್ಲಾ ಹೇಳ್ಕೊಟ್ಬಿಟ್ವಿ."