ಸೀಲ್ ಒಡೆಯದ ಪೆಟ್ಟಿಗೆ

ದಾವಣಗೆರೆಯ ಟೈಲ್ಸ್ ವ್ಯಾಪಾರಿ ಮುರಿಗೇಂದ್ರನಿಗೆ ಒಂದೇ ಒಂದು ಹುಚ್ಚು… ಹಳೆಯ ವಿಡಿಯೋ ಗೇಮ್‌ಗಳು.

ಹಾಲ್‌ನಲ್ಲಿ ಗೋಡೆಯಷ್ಟು ಅಗಲದ ಗಾಜಿನ ಬೀರು. ಅದರ ತುಂಬ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಆ ಕಾಲದ ಗೇಮ್ ಡಬ್ಬಿಗಳು, ಹಳದಿ ಕ್ಯಾಸೆಟ್‌ಗಳು, ರಿಮೋಟ್‌ಗಳು…

ಬೀರುವಿನ ಬೀಗದ ಕೈ ಮಾತ್ರ ಅವನ ಉಡಿದಾರದಲ್ಲಿ! ಹತ್ತು ವರ್ಷದ ಮಗಳು ಇಂಚರ ಕೂಡ ಏನನ್ನೂ ಮುಟ್ಟುವಂತಿರಲಿಲ್ಲ.

"ಮುಟ್ಟಿದ್ರೆ ಅದರ ಬೆಲೆ ಹೋಗುತ್ತೆ ಪುಟ್ಟಿ" ಎನ್ನುತ್ತಿದ್ದ.

ಎಲ್ಲಕ್ಕಿಂತ ಮೇಲಿನ ಅರೆಯಲ್ಲಿ ಒಂದು ಪೆಟ್ಟಿಗೆ. ಮೂವತ್ತು ವರ್ಷದಿಂದ ಸೀಲ್ ಒಡೆಯದ ಜೋಡಿ ರಿಮೋಟ್.

ಮುಂದಿನ ಭಾನುವಾರ ಅವನಂತೆಯೇ ಗೇಮ್ ಕೂಡಿಡುವ ಗೆಳೆಯರೆಲ್ಲ ಅದನ್ನು ನೋಡಲೆಂದೇ ಬರುವವರಿದ್ದರು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಅಜ್ಜಿ ಬಂದು ನಿಂತರು… ತುಕಾರಾಂ ಟೈಲರ್ ಅವರ ಹೆಂಡತಿ ರುಕ್ಮಾಬಾಯಿ.

ಕೈಯಲ್ಲಿ ಬಟ್ಟೆ ತುಂಡಿನಲ್ಲಿ ಸುತ್ತಿದ ಹಳೆಯ ರಿಮೋಟ್. ಬಟನ್ ಸವೆದು ಗುಳಿ ಬಿದ್ದಿತ್ತು.

"ನಿಮ್ಮನ್ಯಾಗೆ ಹಳೇ ಗೇಮ್ ಅದಾವಂತಲ್ರೀ… ಇಂಥದ್ದು ಇನ್ನೊಂದು ಐತೇನ್ರಿ?"

"ಯಾರಿಗಜ್ಜಿ? ಮೊಮ್ಮಕ್ಕಳಿಗಾ?"

"ನಮ್ ಮನೆಯವ್ರಿಗೆ!" ಅಜ್ಜಿ ನಾಚಿ ಸೆರಗು ಸರಿಮಾಡಿಕೊಂಡರು.

"ಯೂನಿಫಾರ್ಮ್ ಅಳತೆ ಕೊಡಾಕೆ ಬರೋ ಹುಡುಗ್ರು ಗಲಾಟೆ ಮಾಡ್ಬಾರ್ದಂತ ಒಂದು ಗೇಮ್ ಅಂಗಡಿಗೆ ತಂದಿದ್ರು. ಅವು ಹೋದ್ಮ್ಯಾಲೆ ನಾವಿಬ್ರೇ ಆಡೋರು… ಟ್ಯಾಂಕ್ ಆಟ. ಇಬ್ರೂ ಸೇರಿ ಕೋಟೆ ಕಾಯೋದು."

ಆಮೇಲೆ ಅವರ ದನಿ ಸಣ್ಣಗಾಯಿತು.

"ಎರಡು ತಿಂಗಳಾತು ಲಕ್ವಾ ಹೊಡೆದು. ಬಲಗೈ ಬೆರಳು ಆಡ್ತಿಲ್ಲ. ದಿನಾ ಆಡಿಸ್ಬೇಕು, ಈಗ ಬಿಟ್ರೆ ಹಂಗೇ ಕೂರ್ತಾವೆ ಅಂದಾರೆ ಡಾಕ್ಟ್ರು. ಹಿಚುಕಾಕೆ ರಬ್ಬರ್ ಚೆಂಡು ಕೊಟ್ರೆ, ಸೂಜಿ ಹಿಡಿದ ಕೈಗೆ ಚೆಂಡಾ ಅಂತ ಎಸೀತಾರೆ…"

"ಇದನ್ನ ಕೈಗಿಟ್ರೆ ಮಾತ್ರ ಹೆಬ್ಬೆರಳು ಒತ್ತಾಕೆ ನೋಡ್ತಾರೆ. ನಂದು ಕೊಟ್ರೆ, ನೀನು ಹೆಂಗೆ ಆಡ್ತಿ ಅಂತ ವಾಪಸ್ ಕೊಡ್ತಾರೆ. ಆದ್ರೆ ಇದರ ಬಟನ್ ಕೆಟ್ಟೈತೆ, ಗುಂಡು ಹಾರಲ್ಲ. ನನ್ ಬೆರಳೇ ಸತ್ತೋಗೈತೆ ಅಂತ ಅಳ್ತಾರ‍್ರೀ…"

ಮುರಿಗೇಂದ್ರ ರಿಮೋಟ್ ತಿರುಗಿಸಿ ನೋಡಿದ. ಇದಕ್ಕೆ ಹೊಂದುವುದು ಆ ಸೀಲ್ ಪೆಟ್ಟಿಗೆಯದು ಮಾತ್ರ!

"ಹೊಸ ಮಾಡೆಲ್‌ದು ನಾನೇ ಕೊಡಿಸ್ತೀನಿ ಅಜ್ಜಿ…"

"ಅದರ ಪಿನ್ನು ಇದಕ್ಕೆ ಕೂರಲ್ರೀ. ಎಲ್ಲಾ ಅಂಗಡಿ ನೋಡಿದ್ವಿ."

ಅಷ್ಟರಲ್ಲಿ ಅಜ್ಜಿಯ ಕಣ್ಣು ಮೇಲಿನ ಅರೆಗೆ ಹೋಯಿತು. ಪೆಟ್ಟಿಗೆಯ ಮೇಲೆ ಅದೇ ರಿಮೋಟಿನ ಚಿತ್ರ.

ಅವರು ತಮ್ಮ ರಿಮೋಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. "ಇರ್ಲಿ ಬಿಡ್ರಿ… ಅದು ನೋಡಾಕೆ ಇಟ್ಟಿದ್ದು."

ಹೋಮ್‌ವರ್ಕ್ ಮಾಡುತ್ತಿದ್ದ ಇಂಚರ ತಲೆಯೆತ್ತಿದಳು.

"ಅಪ್ಪಾ… ಅದನ್ನ ಯಾರು ಆಡ್ಲಿ ಅಂತ ಇಟ್ಟಿದೀಯ?"

ಮುರಿಗೇಂದ್ರ ಉಡಿದಾರದಿಂದ ಬೀಗದ ಕೈ ಬಿಚ್ಚಿಕೊಂಡ.

ಬೀರು ತೆಗೆದ. ಪೆಟ್ಟಿಗೆ ಇಳಿಸಿದ. ಬ್ಲೇಡ್ ಹಿಡಿದು ಸೀಲ್ ಕತ್ತರಿಸಿದ.

ಎರಡೂ ರಿಮೋಟ್ ಥಳಥಳ ಹೊಳೆಯುತ್ತಿದ್ದವು. ಒಂದರ ಬಟನ್ ಒತ್ತಿದ. ಒಳಗೆ ಹೋದ ಬಟನ್ ಮೇಲೆ ಬರಲೇ ಇಲ್ಲ!

ಸ್ಕ್ರೂ ಬಿಚ್ಚಿದರೆ, ಒಳಗಿನ ರಬ್ಬರ್ ಕರಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಇನ್ನೊಂದರದೂ ಅದೇ ಗತಿ.

ಒಬ್ಬರೂ ಮುಟ್ಟದ ವಸ್ತು, ಇಟ್ಟಲ್ಲೇ ಹಾಳಾಗಿ ಹೋಗಿತ್ತು…

"ಅಯ್ಯೋ ತಮ್ಮಾ, ನನ್ನಿಂದ ನಿಮ್ದೂ ಹಾಳಾತು" ಎಂದು ಅಜ್ಜಿಯೇ ಅವನ ಬೆನ್ನು ಸವರಿದರು.

ಆಗ ಇಂಚರ ಮೆಲ್ಲಗೆ ಒಳಗೆ ಹೋಗಿ, ಏನನ್ನೋ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದಳು.

"ಅಪ್ಪಾ… ಬೈಯಲ್ಲ ಅಂದ್ರೆ ಕೊಡ್ತೀನಿ."

ಅದೇ ಜಾತಿಯ ರಿಮೋಟ್! ಹಿಂಬದಿಯಲ್ಲಿ ಕೈವಾರದಿಂದ ಗೀಚಿದ ಹೆಸರು… 'ಮುರಿಗಿ'. ಅವನು ಚಿಕ್ಕಂದಿನಲ್ಲಿ ಆಡಿದ್ದು. ಗೀಚಿದ್ದಕ್ಕೆ ಬೆಲೆಯಿಲ್ಲವೆಂದು ಹಳೆಯ ಗೇಮ್ ಡಬ್ಬಿಯ ಸಮೇತ ಅಟ್ಟಕ್ಕೆ ಎಸೆದು ಮರೆತಿದ್ದ.

"ಇದು ವರ್ಕ್ ಆಗುತ್ತಾ?"

"ಓ! ನೀನು ಅಂಗಡಿಗೆ ಹೋದ್ಮೇಲೆ ದಿನಾ ಆಡ್ತೀನಿ." ಮಗಳು ಅಡುಗೆಮನೆಯ ಕಡೆ ಕಣ್ಣು ಹೊರಳಿಸಿದಳು. "ಅಮ್ಮನೂ ಆಡ್ತಾಳೆ!"

ಒಳಗೆ ಒಗ್ಗರಣೆಯ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು…

ಅರ್ಧ ಗಂಟೆಯಲ್ಲಿ ಅಪ್ಪ, ಮಗಳು ಟೈಲರ್ ಅಜ್ಜನ ಮನೆಯಲ್ಲಿದ್ದರು. ರಿಮೋಟ್ ಕೈಗಿಟ್ಟರೆ ಇದೂ ಅಷ್ಟೇ ಎನ್ನುವಂತೆ ತುಕಾರಾಂ ಮುಖ ತಿರುಗಿಸಿಬಿಟ್ಟರು.

ರುಕ್ಮಾಬಾಯಿ ಸುಮ್ಮನಿರಲಿಲ್ಲ. ತಮ್ಮ ರಿಮೋಟ್ ಹಿಡಿದು ಆಟ ಶುರು ಮಾಡಿಯೇಬಿಟ್ಟರು.

"ಏ ನೋಡ್ರಿ, ಎದುರಿಗೇ ಬಂದ! ಕೋಟೆ ಹೋತು, ಹೋತು… ಸುಮ್ನೆ ಕುಂತೀರಲ್ಲ ನೀವು!"

ಅಜ್ಜನ ಹೆಬ್ಬೆರಳು ಅಲುಗಿತು. ಬಟನ್ ಮೇಲೆ ಒರಗಿತು. ಎಷ್ಟೋ ಹೊತ್ತು…

ಟುಪ್! ಒಂದು ಗುಂಡು ಹಾರಿತು.

ಅಜ್ಜ ಟಿವಿ ನೋಡಲಿಲ್ಲ. ತಮ್ಮ ಬೆರಳನ್ನು ನೋಡಿದರು. ಇನ್ನೊಮ್ಮೆ ಒತ್ತಿದರು. ಟುಪ್!

"ರುಕ್ಮಾ…" ನಾಲಿಗೆ ತೊದಲಿತು. "ಹಾರ್ತು…"

"ನಿಮ್ ಬೆರಳು ಸತ್ತಿರ್ಲಿಲ್ರೀ" ಎಂದು ಅಜ್ಜಿ ನಗುತ್ತಲೇ ಅತ್ತರು. "ಸತ್ತಿದ್ದು ಬಟನ್ನು!"

ಮುರಿಗೇಂದ್ರ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಭಾನುವಾರ ಬಂದ ಗೆಳೆಯರು ತಲೆ ಚಚ್ಚಿಕೊಂಡರು. "ಹುಚ್ಚ, ಸೀಲ್ ಒಡೆದ್ಯಲ್ಲೋ!"

"ನಿಮ್ಮನೇದೂ ಒಂದ್ಸಲ ಒಡೆದು ನೋಡ್ರಪ್ಪ" ಎಂದು ಮುರಿಗೇಂದ್ರ ನಕ್ಕ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಇಂಚರಳ ಹೊಸ ಯೂನಿಫಾರ್ಮ್‌ನ ಎರಡನೇ ಗುಂಡಿ ಸ್ವಲ್ಪ ಸೊಟ್ಟ.

ಅದನ್ನು ಹೊಲಿದದ್ದು ತುಕಾರಾಂ ಅಜ್ಜನ ಬಲಗೈ… ಒಂದೇ ಗುಂಡಿಗೆ ಒಂದು ಇಡೀ ಮಧ್ಯಾಹ್ನ.

ಅಮ್ಮ ಬಿಚ್ಚಿ ಸರಿಮಾಡುತ್ತೇನೆಂದರೂ ಮಗಳು ಬಿಡಲಿಲ್ಲ.

ಬೀರುವಿನ ಬೀಗದ ಕೈ ಈಗ ಬೀಗದಲ್ಲೇ ನೇತಾಡುತ್ತಿರುತ್ತದೆ…

*ಮುಚ್ಚಿಟ್ಟದ್ದು ಇಟ್ಟಲ್ಲೇ ಕರಗುತ್ತದೆ… ಕೈಯಿಂದ ಕೈಗೆ ಹೋದದ್ದು ಬಾಳುತ್ತದೆ.*

ನಿಮ್ಮ ಮನೆಯ ಬೀರುವಿನಲ್ಲಿ ಯಾವ ಒಳ್ಳೆಯ ದಿನಕ್ಕೆಂದು ಏನನ್ನು ಎತ್ತಿಟ್ಟಿದ್ದೀರಿ? ಅದನ್ನು ಇವತ್ತೇ ಹೊರಗೆ ತೆಗೆದರೆ ಯಾರ ಮುಖ ಅರಳಬಹುದು?