ಸುದ್ದಿ ತಪ್ಪಿಸದ ಪಾರವ್ವ

ಊರಿನ ಕೇಬಲ್ ಚಾನೆಲ್ಲಿಗೆ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಅದನ್ನು ನೋಡುವವರೇ ಇರಲಿಲ್ಲ. ಮುಚ್ಚಿಬಿಡೋಣವೆಂದು ಮಾಲೀಕ ಸಂಗನಬಸಪ್ಪ ಯೋಚಿಸುತ್ತಿದ್ದಾಗ, ಪಾರವ್ವನೆಂಬ ಅಜ್ಜಿ ಮೊದಲ ದಿನದಿಂದ ಒಂದು ಸಂಜೆಯೂ ಸುದ್ದಿ ತಪ್ಪಿಸಿಲ್ಲವೆಂದು ತಿಳಿಯಿತು. ಶಾಲು, ಹಾರ, ಕ್ಯಾಮೆರಾ ಹಿಡಿದು ಅವಳ ಮನೆಗೇ ಓಡಿದ. ಸನ್ಮಾನ ನೇರಪ್ರಸಾರವಾಗತೊಡಗಿತು.

"ಅಜ್ಜೀ, ಅವತ್ತಿಂದ ಸುದ್ದಿ ಓದಾಂವ ನಾನ. ನನ್ನ ದನಿ ನಿಮಗ ಅಷ್ಟು ಸೇರತೈತೇನ್ರೀ?"

"ನಿನ್ನ ದನಿಯಿಂದ ಭಾಳ ಉಪಕಾರ ಆಗೇತಪಾ."

ಸಂಗನಬಸಪ್ಪನ ಕಣ್ಣು ತುಂಬಿದವು. "ಏನ್ ಉಪಕಾರ ಅಂತ ಊರ ಮಂದಿಗೂ ಹೇಳ್ರಿ."

ಪಾರವ್ವ ಶಾಲು ಸರಿಮಾಡಿಕೊಂಡು ಕ್ಯಾಮೆರಾದ ಕಡೆ ತಿರುಗಿದಳು.

"ಸಂಜೀ ಆತಂದ್ರ ಓಣಿ ಹೆಂಗಸ್ರು ಬಂದು ಕುಂತು ಏಳಂಗಿಲ್ಲ. ನೀ ಸುದ್ದಿ ಓದಾಕ ಹತ್ತಿದಿ ಅಂದ್ರ, ಚಾನೂ ಕುಡೀದ ಎದ್ದು ಮನೀಗೆ ಹೋಗ್ತಾರ."